ಓದಿದ್ದು ಬಾಯಿಗೆ ಬರಬೇಕಾದರೆ



ಯಜಮಾನರಿಗೆ ಹಿಂಜವಡಿಯಲ್ಲಿ ಕೆಲಸ ಸಿಕ್ಕಿ ವಾಕಡಕ್ಕೆ ಬಂದ ಹೊಸದು. ಮರಾಠಿ ಕಲಿಸುವ ಪುಸ್ತಕವೊಂದನ್ನು ಎರಡು ಸಲ ಓದಿ ಮುಗಿಸಿದ್ದೆ. ಒಂದು ರಾತ್ರಿ ಮಗನಿಗೆ ಜ್ವರ. ಔಷಧಿ ಅಂಗಡಿಯ ಮುಂದೆ ನಿಂತರೆ ಒಂದು ಪದವೂ ಬಾಯಿಗೆ ಬರಲಿಲ್ಲ! ಮನೆಗೆ ಬಂದು ಪುಸ್ತಕ ತೆರೆದರೆ ‘ತಾಪ ಆಲಾ ಆಹೇ’ ಅಲ್ಲೇ ಇತ್ತು.

ನೋಡಿ ಗುರುತು ಹಿಡಿಯುವುದೇ ಬೇರೆ, ನೋಡದೆ ನೆನಪಿಸಿಕೊಳ್ಳುವುದೇ ಬೇರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿ. ಓದಿದ 5 ನಿಮಿಷಕ್ಕೆ ಪರೀಕ್ಷಿಸಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಪರೀಕ್ಷಿಸಿದಾಗ, ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದು! ಕಲಿತದ್ದು ಮೊದಮೊದಲೇ ಬೇಗ ಮರೆಯುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು.

ಹಾಗಾಗಿ ದಿನಕ್ಕೆ ಐದೇ ವಾಕ್ಯ ಸಾಕು. ಪುಸ್ತಕ ಮುಚ್ಚಿ ಹೇಳಿ. ತಪ್ಪಿದರೆ ತೆರೆದು ನೋಡಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಹೇಳಿ. ಹೊಸದನ್ನು ಗೊತ್ತಿರುವುದಕ್ಕೆ ಗಂಟು ಹಾಕಿ: ನಮ್ಮ ತುಪ್ಪ ಇಲ್ಲಿ ‘ತೂಪ’, ನಮ್ಮ ಈ ಕಡೆ ಇಲ್ಲಿ ‘ಇಕಡೇ’. ಆಮೇಲೆ ರಿಕ್ಷಾದವರೊಡನೆ, ತರಕಾರಿ ಮಾವಶಿಯೊಡನೆ ಧೈರ್ಯವಾಗಿ ಆಡಿ. ನಕ್ಕರೆ ನಗಲಿ, ತಿದ್ದಿಯೂ ಕೊಡುತ್ತಾರೆ.

ಮುಂದಿನ ಮಳೆಗಾಲದಲ್ಲಿ ಮಗನಿಗೆ ಮತ್ತೆ ಜ್ವರ ಬಂತು. ಯಾವಾಗಿನಿಂದ, ಎಷ್ಟು ಎಂದು ಡಾಕ್ಟರಿಗೆ ಮರಾಠಿಯಲ್ಲೇ ಹೇಳಿದೆ. ನೀವೂ ಇಂದು ರಾತ್ರಿಯೇ ಐದು ವಾಕ್ಯದಿಂದ ಶುರುಮಾಡಿ.