ಬಿದ್ದ ದೇಹ, ಬಿಟ್ಟ ದೇಹ

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಮನೆಯ ಹಿರಿಯರೊಬ್ಬರು ಇಲ್ಲವಾದರೆ ಆ ಸುದ್ದಿ ಈಗ ಎರಡು ಭಾಷೆಗಳಲ್ಲಿ ಹೊರಡುತ್ತದೆ. ನೆರೆಹೊರೆಯವರಿಗೆ ‘ತೀರಿಕೊಂಡರು’ ಎಂದರೆ ಸಾಕು. ಆದರೆ ದೂರದ ನಗರದಲ್ಲಿರುವ ಮೊಮ್ಮಗ ತನ್ನ ಕಚೇರಿಗೆ, ಸ್ನೇಹಿತರಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಕೈ ತಡೆಯುತ್ತದೆ. ‘ಡೈಡ್’ ಎಂದರೆ ಒರಟೆನಿಸುತ್ತದೆ. ‘ಎಕ್ಸ್‌ಪೈರ್ಡ್’ ನಮ್ಮ ಕಡೆಯ ಕನ್ನಡದೊಳಗೂ ಸೇರಿಹೋಗಿರುವ ಪದ. ಆದರೆ ಔಷಧದ ಬಾಟಲಿಯ ಮೇಲೂ ಅದೇ ಇದೆ. ಕೊನೆಗೆ ‘ಪಾಸ್ಡ್ ಅವೇ’ ಎಂದೋ, ‘ಲೆಫ್ಟ್ ಫಾರ್ ಹೆವನ್ಲಿ ಅಬೋಡ್’ ಎಂದೋ ಬರೆದು, ಕೆಳಗೆ ‘ರೆಸ್ಟ್ ಇನ್ ಪೀಸ್’ ಸೇರಿಸಿ ಕಳುಹಿಸುತ್ತಾನೆ.

ಶೋಕದ ಹೊತ್ತಿನಲ್ಲಿ ಪದಗಳನ್ನು ತೂಗಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ನಿಜ. ಆದರೂ ಜಿನಾಗಮವನ್ನು ನಂಬಿದ ಮನೆಯವರು ಈ ಪದಗಳೊಳಗೆ ಅಡಗಿರುವ ತತ್ತ್ವವನ್ನು ಒಮ್ಮೆ ನೋಡಬೇಕು. ‘ರೆಸ್ಟ್ ಇನ್ ಪೀಸ್’ ಎಂಬುದು ಮೃತರು ಒಂದೆಡೆ ವಿಶ್ರಮಿಸುತ್ತಾರೆ ಎಂಬ ನಂಬಿಕೆಯಿಂದ ಹುಟ್ಟಿದ ಹಾರೈಕೆ. ಜೈನ ಸಿದ್ಧಾಂತದಲ್ಲಿ ಸಂಸಾರಿ ಜೀವಕ್ಕೆ ಅಂತಹ ವಿಶ್ರಾಂತಿಯ ತಾಣವಿಲ್ಲ. ಒಂದು ದೇಹವನ್ನು ಬಿಟ್ಟ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ತಿರುವುಗಳನ್ನು ದಾಟಿ, ನಾಲ್ಕನೆಯ ಸಮಯದಲ್ಲಿ ಹೊಸ ಜನ್ಮಸ್ಥಾನವನ್ನು ಸೇರಿರುತ್ತದೆ. ಕಾಲದ ಅತ್ಯಂತ ಸೂಕ್ಷ್ಮ ಅಂಶಕ್ಕೆ ‘ಸಮಯ’ವೆಂದು ಹೆಸರು. ನಾವು ಕಣ್ಣೊರೆಸಿಕೊಳ್ಳುವ ಮೊದಲೇ ಆ ಪಯಣ ಮುಗಿದಿರುತ್ತದೆ. ಇನ್ನು ‘ಹೆವನ್ಲಿ ಅಬೋಡ್’ ಎನ್ನುವುದು ತಿಳಿಯದ ಸಂಗತಿಯನ್ನು ತಿಳಿದಂತೆ ಹೇಳುವ ಮಾತು. ಯಾವ ಗತಿ ಎಂಬುದನ್ನು ನಿರ್ಣಯಿಸುವುದು ಜೀವವು ಕಟ್ಟಿಕೊಂಡ ಆಯುಷ್ಯಕರ್ಮವೇ ಹೊರತು ಪತ್ರಿಕೆಯ ಪ್ರಕಟಣೆಯಲ್ಲ. ಕನ್ನಡದಲ್ಲಿ ನಾವು ಹೇಳುವ ‘ಸ್ವರ್ಗಸ್ಥರಾದರು’ ಕೂಡ ಇದೇ ಬಗೆಯದು. ಕೇವಲಿಗಳಿಗೆ ಮಾತ್ರ ಸಲ್ಲುವ ‘ನಿರ್ವಾಣ’ವನ್ನು ಎಲ್ಲರಿಗೂ ಹಂಚುವವರನ್ನಂತೂ ಕೇಳುವುದೇ ಬೇಡ.

ಹಾಗಾದರೆ ಸರಿಯಾದ ಪದ ಯಾವುದು? ಅದಕ್ಕೆ ಮೊದಲು ದೇಹ ಮತ್ತು ಜೀವ ಹೇಗೆ ಬೇರೆಯಾದವು ಎಂದು ಕೇಳಬೇಕು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ, ಅಂದರೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದ ಆ ಗ್ರಂಥದಲ್ಲಿ, ಅಳಿದ ಶರೀರವನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ: ಚ್ಯುತ, ಚ್ಯಾವಿತ, ತ್ಯಕ್ತ. ಆಯುಷ್ಯವು ಪಕ್ವವಾಗಿ ಹಣ್ಣಿನಂತೆ ತಾನಾಗಿ ಬಿದ್ದದ್ದು ಚ್ಯುತ. ಹೊರಗಿನ ಕಾರಣದಿಂದ ಅಕಾಲದಲ್ಲಿ ಬೀಳಿಸಲ್ಪಟ್ಟದ್ದು ಚ್ಯಾವಿತ. ಇದಕ್ಕೆ ‘ಕದಲೀಘಾತ’ವೆಂದೂ ಹೆಸರುಂಟು, ಕದಲಿ ಎಂದರೆ ಬಾಳೆ. ಗುಂಡ್ಲುಪೇಟೆಯ ಬಾಳೆತೋಟಗಳನ್ನು ಕಂಡವರಿಗೆ ಆ ದಿಂಡು ಒಂದೇ ಏಟಿಗೆ ಕಡಿದುಬೀಳುವ ಪರಿಯನ್ನು ವಿವರಿಸಬೇಕಿಲ್ಲ. ಸಮಾಧಿಭಾವದಿಂದ, ಅರಿವಿನಿಂದ ಬಿಟ್ಟದ್ದು ತ್ಯಕ್ತ.

ಇವೇ ತಾಲ್ಲೂಕುಗಳ ಚರಿತ್ರೆಯಲ್ಲಿ ಮೂರಕ್ಕೂ ನಿದರ್ಶನ ಹುಡುಕಬಹುದು. ಚಿಕ್ಕದೇವರಾಜ ಒಡೆಯರ ತಂದೆ ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲಿ. ಅವರ ನೆನಪಿಗಾಗಿಯೇ ಅಲ್ಲಿಯ ಪರವಾಸುದೇವ ದೇವಾಲಯ ಎದ್ದಿತು. ಹಂಗಳದಲ್ಲಿದ್ದ ದಿನಗಳಲ್ಲಿ ಚಿಕ್ಕದೇವರಾಜರಿಗೆ ಒಡನಾಡಿಯಾಗಿದ್ದು, ಮುಂದೆ ಅವರ ಮಂತ್ರಿಯಾದ ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ 1686ರಲ್ಲಿ ಹಂತಕರಿಗೆ ಬಲಿಯಾದ. ಮೂರನೆಯದಕ್ಕೆ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ನೋಡಬೇಕು. ಆಚಾರ್ಯ ಪೂಜ್ಯಪಾದರು ಸಮಾಧಿ ಹೊಂದಿದ್ದು ಆ ಬೆಟ್ಟದಲ್ಲಿ ಎಂಬುದು ಕ್ಷೇತ್ರದ ಪರಂಪರೆ. ಇಂಗ್ಲಿಷಿನ ‘ಡೈಡ್’ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಮೊದಲೆರಡಕ್ಕೆ ಅದು ಸಾಕು, ಮೂರನೆಯದಕ್ಕೆ ಸಾಲದು.

ಪೂಜ್ಯಪಾದರು ಬರಿಯ ತಪಸ್ವಿಗಳಲ್ಲ, ‘ಜೈನೇಂದ್ರ’ ವ್ಯಾಕರಣವನ್ನು ರಚಿಸಿದವರು. ಪದದ ಬೆಲೆ ಬಲ್ಲವರು. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನವನ್ನು ಹೇಳುವ ಸೂತ್ರವೊಂದಿದೆ, ಅದನ್ನು ಕೈಗೊಳ್ಳುವವನನ್ನು ಅಲ್ಲಿ ‘ಜೋಷಿತಾ’ ಎಂದು ಕರೆಯಲಾಗಿದೆ. ಇದಕ್ಕೆ ‘ಸರ್ವಾರ್ಥಸಿದ್ಧಿ’ ಟೀಕೆ ಬರೆಯುವಾಗ ಪೂಜ್ಯಪಾದರು ತಾವೇ ಒಂದು ಆಕ್ಷೇಪವನ್ನು ಎತ್ತುತ್ತಾರೆ: ಎಲ್ಲರಿಗೂ ಸ್ಪಷ್ಟವಾಗುವ ‘ಸೇವಿತಾ’ ಎಂಬ ಪದವನ್ನೇ ಬಳಸಬಹುದಿತ್ತಲ್ಲ? ಅವರೇ ಕೊಡುವ ಉತ್ತರದ ತಾತ್ಪರ್ಯವಿದು: ಜೋಷಿತಾ ಎಂಬಲ್ಲಿ ಆಚರಣೆಯ ಜೊತೆಗೆ ಪ್ರೀತಿಯ ಅರ್ಥವೂ ಇದೆ. ಪ್ರೀತಿಯಿಲ್ಲದವನಿಂದ ಬಲವಂತವಾಗಿ ಸಲ್ಲೇಖನ ಮಾಡಿಸಲಾಗದು. ಪ್ರೀತಿಯಿದ್ದರೆ ಅವನು ತಾನಾಗಿಯೇ ಮಾಡುತ್ತಾನೆ. ಒಂದು ಕ್ರಿಯಾಪದದ ಆಯ್ಕೆಯಲ್ಲಿ ಇಡೀ ಧರ್ಮಸೂಕ್ಷ್ಮವನ್ನು ನಿಲ್ಲಿಸಿದ ಜಾಣ್ಮೆ ಇದು. ಇದು ಆತ್ಮವಧೆಯಲ್ಲವೇ ಎಂಬ ಪ್ರಶ್ನೆಯನ್ನೂ ಅವರು ಅಲ್ಲಿಯೇ ಎದುರಿಸಿದ್ದಾರೆ. ರಾಗ, ದ್ವೇಷ, ಮೋಹಗಳಿಗೆ ವಶನಾಗಿ ವಿಷದಿಂದಲೋ ಶಸ್ತ್ರದಿಂದಲೋ ತನ್ನನ್ನು ಕೊಂದುಕೊಳ್ಳುವವನು ಆತ್ಮಘಾತಕ. ಇಲ್ಲಿ ಆ ರಾಗಾದಿಗಳೇ ಇಲ್ಲ. ವರ್ತಕನ ಉಪಮೆಯೂ ಅಲ್ಲಿದೆ. ಸರಕು ತುಂಬಿದ ಮನೆ ಹಾಳಾಗಲೆಂದು ಯಾವ ವರ್ತಕನೂ ಬಯಸುವುದಿಲ್ಲ. ಅಪಾಯ ಬಂದಾಗ ಮೊದಲು ಮನೆಯನ್ನೇ ಉಳಿಸಲು ನೋಡುತ್ತಾನೆ. ಆಗದಿದ್ದರೆ ಸರಕು ಕೆಡದಂತೆ ಕಾಯುತ್ತಾನೆ. ದೇಹ ಮನೆ; ವ್ರತಶೀಲಗಳು ಸರಕು.

ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಬರೆದ ಈ ಉತ್ತರವನ್ನು ನಮ್ಮ ಕಾಲ ಮತ್ತೆ ಕೇಳಬೇಕಾಯಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯ ಯತ್ನವೆಂದು ಪರಿಗಣಿಸಿ ದಂಡಾರ್ಹವೆಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆ ದಿನಗಳಲ್ಲಿ ದೇಶದ ಜೈನರೆಲ್ಲರೂ ‘ಸೂಯಿಸೈಡ್’ ಎಂಬ ಒಂದು ಪದಕ್ಕೆ ನೊಂದರು. ಇಂಗ್ಲಿಷಿಗೆ 17ನೆಯ ಶತಮಾನದಲ್ಲಿ ಬಂದ ಆ ಪದವು ಲ್ಯಾಟಿನ್ ಮೂಲದ್ದು. ತನ್ನನ್ನು ತಾನು ಕೊಲ್ಲುವುದು ಎಂಬುದೇ ಅದರ ಅರ್ಥ. ಅದರಲ್ಲಿ ಚ್ಯಾವಿತಕ್ಕೆ ಎಡೆಯಿದೆ, ತ್ಯಕ್ತಕ್ಕಿಲ್ಲ. ಗಮನಿಸಬೇಕಾದ ಸಂಗತಿಯೊಂದುಂಟು: ‘ಗೊಮ್ಮಟಸಾರ’ವು ಕದಲೀಘಾತದ ಕಾರಣಗಳನ್ನು ಹೇಳುವಾಗ ವಿಷ, ರಕ್ತಕ್ಷಯ, ಭಯ, ಶಸ್ತ್ರ, ಸಂಕ್ಲೇಶಗಳ ಜೊತೆಗೆ ಆಹಾರನಿರೋಧವನ್ನೂ ಸೇರಿಸಿದೆ. ಊಟ ನಿಂತು ಬಂದ ಸಾವೆಲ್ಲ ಸಲ್ಲೇಖನವಲ್ಲವೆಂದು ಆಚಾರ್ಯರೇ ಬಲ್ಲವರಾಗಿದ್ದರು. ಆದ್ದರಿಂದ ‘ಸ್ಟಾರ್ವೇಶನ್’, ‘ಫಾಸ್ಟ್ ಅಂಟು ಡೆತ್’ ಎಂಬ ಹಳೆಯ ಇಂಗ್ಲಿಷ್ ಅನುವಾದಗಳೂ ಗುರಿ ತಪ್ಪಿದವೇ. ಅವು ತಟ್ಟೆಯನ್ನು ನೋಡುತ್ತವೆ, ಮನಸ್ಸನ್ನಲ್ಲ. ಸಲ್ಲೇಖನವೆಂದರೆ ಕಾಯವನ್ನೂ ಕಷಾಯಗಳನ್ನೂ ಸಮ್ಯಕ್ಕಾಗಿ ತೆಳುವಾಗಿಸುವುದು. ಕ್ರೋಧ, ಲೋಭಗಳು ತೆಳುವಾಗದೆ ದೇಹವೊಂದೇ ಸೊರಗಿದರೆ ಅದಕ್ಕೆ ಆ ಹೆಸರು ಸಲ್ಲದು.

ನಮ್ಮ ಇತಿಹಾಸಕಾರ ಷ. ಶೆಟ್ಟರ್ ಅವರು ಶ್ರವಣಬೆಳಗೊಳದ ಶಾಸನಗಳನ್ನು ಆಧರಿಸಿ ಇಂಗ್ಲಿಷಿನಲ್ಲಿ ಎರಡು ಮಹತ್ತ್ವದ ಗ್ರಂಥಗಳನ್ನು ಬರೆದರು: ‘ಇನ್ವೈಟಿಂಗ್ ಡೆತ್’ ಮತ್ತು ‘ಪರ್ಸ್ಯೂಯಿಂಗ್ ಡೆತ್’. ಅವರ ವಿದ್ವತ್ತಿಗೆ ತಲೆಬಾಗಿಯೇ ಒಂದು ಮಾತು ಹೇಳಬೇಕು. ಆಹ್ವಾನಿಸುವುದು, ಅರಸುವುದು ಎಂಬ ಎರಡೂ ಶೀರ್ಷಿಕೆಗಳು ಮರಣವನ್ನು ಬಯಕೆಯ ವಸ್ತುವಾಗಿಸುತ್ತವೆ. ತತ್ತ್ವಾರ್ಥಸೂತ್ರವಾದರೋ ಸಲ್ಲೇಖನದ ಐದು ಅತಿಚಾರಗಳಲ್ಲಿ ಮರಣಾಶಂಸೆಯನ್ನು, ಅಂದರೆ ಬೇಗ ಸಾವು ಬರಲೆಂಬ ಆಸೆಯನ್ನು, ಜೀವಿತಾಶಂಸೆಯ ಪಕ್ಕದಲ್ಲಿಯೇ ಇಟ್ಟಿದೆ. ಬದುಕಲೇಬೇಕೆಂಬ ಹಟವೂ ದೋಷ, ಸಾಯಬೇಕೆಂಬ ಆತುರವೂ ದೋಷ. ಕ್ಷಪಕನು ಸಾವನ್ನು ಕರೆಯುವುದಿಲ್ಲ. ಬರುತ್ತಿರುವುದನ್ನು ಎಚ್ಚರದಿಂದ ಕಾಣುತ್ತಾನೆ, ಅಷ್ಟೆ. ಸಮಂತಭದ್ರರು ಬಳಸಿದ ‘ತನುವಿಮೋಚನ’ ಎಂಬ ಪದ ಇದಕ್ಕೆ ಹತ್ತಿರ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ, ಅದೂ ಧರ್ಮಕ್ಕಾಗಿ, ಎಂಬ ಕಟ್ಟುಪಾಡನ್ನೂ ಅವರು ಹಾಕಿದ್ದಾರೆ.

1898ರಲ್ಲಿ ಬಿ.ಎಲ್. ರೈಸ್ ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೆಯ ಸಂಪುಟದಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಅವರಂತಹ ಅನುವಾದಕರ ಕಷ್ಟ ಇಂದಿನ ಮೊಮ್ಮಗನ ಕಷ್ಟಕ್ಕಿಂತ ಬೇರೆಯಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಳೆಯ ನಿಸಿದಿ ಶಾಸನಗಳಲ್ಲಿ ನೋಂತವರನ್ನು ಕುರಿತು ಬರುವ ಕ್ರಿಯಾಪದ ‘ಮುಡಿಪು’. ಮುಗಿಸುವುದು, ಪೂರ್ಣಗೊಳಿಸುವುದು ಎಂಬ ಭಾವ ಅದರಲ್ಲಿದೆ. ದೇವರಿಗೆಂದು ಬಟ್ಟೆಯಲ್ಲಿ ಕಟ್ಟಿಡುವ ಹರಕೆಯ ಕಾಣಿಕೆಗೆ ಇಂದಿಗೂ ನಮ್ಮ ಮನೆಗಳಲ್ಲಿ ಮುಡಿಪೆಂದೇ ಹೆಸರು. ಇಂಗ್ಲಿಷಿನಲ್ಲಿ ಇದಕ್ಕೆ ಜೋಡಿಯಿಲ್ಲ. ‘ಯೋಗ’, ‘ಕರ್ಮ’, ‘ನಿರ್ವಾಣ’ಗಳನ್ನು ಹಾಗೆಯೇ ಒಪ್ಪಿಕೊಂಡ ಆ ಭಾಷೆ ‘ಸಲ್ಲೇಖನ’ವನ್ನೂ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ವ್ರತ ಪೂರೈಸಿದ ಹಿರಿಯರ ಬಗೆಗೆ ಬರೆಯುವಾಗ ಆ ಪದವನ್ನು ಇದ್ದಂತೆಯೇ ಇಟ್ಟು, ಮುಂದೆ ‘ಕಂಪ್ಲೀಟೆಡ್’ ಎಂದು ಸೇರಿಸಬಹುದು. ರಾತ್ರಿ ಮಲಗಿ ಬೆಳಿಗ್ಗೆ ಏಳದ ಅಜ್ಜಿಯ ಬಗ್ಗೆಯಾದರೆ ‘ಡೈಡ್’ ಎಂದರೆ ಏನೂ ಕೊರತೆಯಿಲ್ಲ.