ಮಳೆಗಾಲದ ಕೊನೆಯ ಗುಡುಗುಮಳೆಯೂ ಭತ್ತದ ಕೊಯ್ಲೂ

ಪ್ರತಿ ವರ್ಷವೂ ಸೆಪ್ಟೆಂಬರ್ ತಿಂಗಳ ನಡುವಿನಲ್ಲಿ, ಮಳೆಗಾಲವು ರಾಜಸ್ಥಾನದಿಂದ ಹಿಂದಿರುಗಲಾರಂಭಿಸಿತೆಂಬ ವರ್ತಮಾನವು ವೃತ್ತಪತ್ರಿಕೆಗಳಲ್ಲಿಯೂ ಆಕಾಶವಾಣಿಯಲ್ಲಿಯೂ ಬರುವುದುಂಟು. ದೂರದ ಮರುಭೂಮಿಯ ಸುದ್ದಿಯಿಂದ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಒಕ್ಕಲಿಗರಿಗೆ ಏನು ಪ್ರಯೋಜನವೆಂದು ಅನೇಕರು ಅದನ್ನು ಅಲಕ್ಷಿಸುವರು. ವಾಸ್ತವವಾಗಿ ಅದು ನಮ್ಮ ಕೊಯ್ಲಿನ ಹಂಗಾಮಿಗೆ ಸುಮಾರು ಒಂದು ತಿಂಗಳು ಮೊದಲೇ ದೊರೆಯುವ ಎಚ್ಚರಿಕೆಯಾಗಿದೆ. ಅದು ಹೇಗೆಂಬುದನ್ನೂ ಆ ಅವಧಿಯಲ್ಲಿ ಮಾಡತಕ್ಕ ಕೆಲಸಗಳನ್ನೂ ಕೆಳಗೆ ವಿವರಿಸಲಾಗಿದೆ.

ಬೇಸಿಗೆಯಲ್ಲಿ ಉತ್ತರದ ನೆಲವು ಕಾದು, ಅಲ್ಲಿಯ ಗಾಳಿಯು ಹಗುರಾಗಿ ಮೇಲೇರುವುದರಿಂದ, ಸಮುದ್ರದ ತೇವಭರಿತ ಗಾಳಿಯು ಒಳನಾಡಿಗೆ ನುಗ್ಗುವುದು. ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯನು ವಿಷುವದ್ರೇಖೆಯನ್ನು ದಾಟಿ ದಕ್ಷಿಣಕ್ಕೆ ಸರಿಯುತ್ತಾನೆ. ಅಷ್ಟರಲ್ಲಿ ಮರುಭೂಮಿಯ ಮೇಲೆ ಕಡಲಗಾಳಿಯು ನಿಂತು, ಒಣಗಿದ ನೆಲಗಾಳಿಯು ಬೀಸತೊಡಗುವುದು. ಅಲ್ಲಿ ಗುಡುಗು ಮುಗಿದು, ಆಕಾಶವು ತಿಳಿಯಾಗಿ, ಕ್ರಮೇಣ ರಾತ್ರಿಗಳು ತಂಪಾಗುವವು. ಭಾರತ ಹವಾಮಾನ ಇಲಾಖೆಯು 2020ರಲ್ಲಿ ಪರಿಷ್ಕರಿಸಿದ ಗಣನೆಯಂತೆ, ಈ ಹಿಂಸರಿತವು ವಾಯವ್ಯ ಭಾಗದಲ್ಲಿ ಸೆಪ್ಟೆಂಬರ್ 17ರ ಸುಮಾರಿಗೆ ಮೊದಲಾಗಿ, ಅಕ್ಟೋಬರ್ 15ರ ಹೊತ್ತಿಗೆ ದೇಶದ ದಕ್ಷಿಣ ತುದಿಯವರೆಗೆ ಮುಗಿಯುವುದು. ಇವು ಸರಾಸರಿಯ ದಿನಗಳು. ಒಂದೊಂದು ವರ್ಷ ಹಿಂದುಮುಂದಾಗುವುದು ಸಹಜ.

ಆದರೆ ಮರುಭೂಮಿಗೂ ನಮ್ಮ ಕರಾವಳಿಗೂ ಒಂದು ಮುಖ್ಯ ಭೇದವಿದೆ. ಅಲ್ಲಿ ಮಳೆಯ ಗಾಳಿಯು ಹಿಂದೆಗೆದೊಡನೆ ಗುಡುಗೂ ಅಡಗುತ್ತದೆ. ಇಲ್ಲಿ ಆ ಗಾಳಿಯು ದುರ್ಬಲವಾದ ಮೇಲೆಯೇ ಗುಡುಗು ಹೆಚ್ಚುತ್ತದೆ. ಜೂನ್, ಜುಲೈಗಳಲ್ಲಿ ಪಶ್ಚಿಮದ ಗಾಳಿಯು ಬಲವಾಗಿ ಬೀಸುವುದರಿಂದ ಮೋಡವು ಹಾಸಿದಂತೆ ಹರಡಿ, ಮಳೆಯು ಎಡೆಬಿಡದೆ ಸುರಿಯುವುದು, ಸಿಡಿಲು ಕಡಿಮೆ. ಹಸ್ತ, ಚಿತ್ತಾ ಮಳೆಗಳ ಕಾಲಕ್ಕೆ ಬೆಳಗಿನ ಬಿಸಿಲಿನಿಂದ ನೆನೆದ ನೆಲವು ಕಾದು ಹಬೆಯೇಳುವುದು. ಮಧ್ಯಾಹ್ನದ ಕಡಲಗಾಳಿಯು ಘಟ್ಟವನ್ನೇರಿ ಮೋಡಗಳನ್ನು ಗೋಪುರದಂತೆ ಬೆಳೆಸುವುದು. ಮೇಲಣ ಮೂಡಗಾಳಿಯು ಸಂಜೆಯೊಳಗೆ ಅವನ್ನು ಕರಾವಳಿಯತ್ತ ತಳ್ಳುವುದು. ಆದಕಾರಣ ಬೆಳಗಿನ ನಿರ್ಮಲ ಆಕಾಶವನ್ನು ನಂಬಿ ಭತ್ತವನ್ನು ಕೊಯ್ದು ಗದ್ದೆಯಲ್ಲಿಯೇ ಹರವಿ ಬಿಟ್ಟವನು ಸಂಜೆಗೆ ನಷ್ಟಕ್ಕೊಳಗಾಗುವನು. ನೆನೆದ ತೆನೆಯು ಕೆಲವೇ ದಿನಗಳಲ್ಲಿ ಮೊಳೆಯುವುದು. ಹುಲ್ಲೂ ಕೊಳೆತು ದನಗಳಿಗೆ ನಿರುಪಯೋಗಿಯಾಗುವುದು.

ನಿಜವಾದ ಒಣಹವೆಯನ್ನು ಗುರುತಿಸಲು ಲಕ್ಷಣಗಳು ಮೂರು: ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣನೆಯ ಮೂಡಗಾಳಿ, ಹುಲ್ಲಿನ ಮೇಲೆ ದಟ್ಟವಾದ ಇಬ್ಬನಿ, ಮಧ್ಯಾಹ್ನ ಎರಡು ಗಂಟೆಗೂ ಘಟ್ಟದ ಮೇಲೆ ಗೋಪುರದ ಮೋಡವಿಲ್ಲದಿರುವುದು. ಈ ಮೂರೂ ನಾಲ್ಕೈದು ದಿನ ಒಟ್ಟಿಗೆ ಕಂಡರೆ ಹವೆಯು ತಿರುಗಿತೆಂದು ತಿಳಿಯಬಹುದು. ಆಗಲೂ ಅರಬ್ಬೀ ಸಮುದ್ರದ ಬಿರುಗಾಳಿಗಳನ್ನು ಮರೆಯಲಾಗದು. 2019ರ ಅಕ್ಟೋಬರ್ ಕೊನೆಯ ವಾರದಲ್ಲಿ ‘ಕ್ಯಾರ್’ ಎಂಬ ಚಂಡಮಾರುತವು ಎದ್ದಾಗ, ಅದು ದಡಕ್ಕೆ ಬಾರದೆ ಪಶ್ಚಿಮಕ್ಕೆ ಹೋದರೂ, ಕರ್ನಾಟಕದ ಕರಾವಳಿಗೆ ಭಾರಿ ಮಳೆಯನ್ನು ತಂದಿತು.

ಈ ಅವಧಿಯಲ್ಲಿ ಕೆಳಗಿನ ಕೆಲಸಗಳ ಕಡೆಗೆ ಲಕ್ಷ್ಯ ಕೊಡತಕ್ಕದ್ದು:

1. ಕೊಯ್ಲಿಗೆ ಒಂದು ವಾರದಿಂದ ಹತ್ತು ದಿನ ಮೊದಲು ಗದ್ದೆಯ ನೀರನ್ನು ಬಿಟ್ಟು ಕಳೆಯಬೇಕು. ತೆನೆಯಲ್ಲಿ ನೂರಕ್ಕೆ 80ರಿಂದ 85 ಕಾಳು ಹೊಂಬಣ್ಣಕ್ಕೆ ಬಂದರೆ ಕೊಯ್ಯಬಹುದು. ಪೂರ್ಣ ಒಣಗಲೆಂದು ಕಾದರೆ ಕಾಳು ಉದುರುವುದು. ಕೊಯ್ದುದನ್ನು ಅಂದೇ ಸಂಜೆಯೊಳಗೆ ಎತ್ತರದ ಜಾಗಕ್ಕೆ ಸಾಗಿಸಿ ತಾಡಪತ್ರಿ ಹೊದಿಸಬೇಕು. ಕಣಜಕ್ಕೆ ತುಂಬುವ ಭತ್ತದಲ್ಲಿ ತೇವವು ನೂರಕ್ಕೆ 14ನ್ನು ಮೀರಕೂಡದು.

2. ಕೊಯ್ಲಾದ ಗದ್ದೆಯ ಹಸಿಯೇ ಎರಡನೆಯ ಬೆಳೆಯ ಬಂಡವಾಳ. ಕಾಸರಕೋಡಿನಂಥ ಉಸುಕಿನ ನೆಲವು ಹಸಿಯನ್ನು ಬಹಳ ದಿನ ಹಿಡಿದಿಡದು. ಅಂಥಲ್ಲಿ ಶೇಂಗಾ, ಅಲಸಂದೆಗಳ ಬಿತ್ತನೆಯನ್ನು ತಡಮಾಡಬಾರದು. ಕುಮಟೆಯ ಸಿಹಿ ಈರುಳ್ಳಿಗೂ ಭತ್ತ ಬಿಟ್ಟ ಗದ್ದೆಯೇ ಆಧಾರ.

3. ಹಳ್ಳಗಳ ಹರಿವು ಇಳಿಯುವ ಮುನ್ನವೇ ಒಡ್ಡು ಕಟ್ಟಬೇಕು. ಅಘನಾಶಿನಿಯ ಗಜನಿ ಭೂಮಿಗಳಲ್ಲಿ ಸಿಹಿನೀರು ಕಡಿಮೆಯಾದಂತೆ ಉಪ್ಪುನೀರು ಏರುವುದರಿಂದ, ಕಗ್ಗದ ಭತ್ತವು ಮನೆ ಸೇರುವವರೆಗೆ ಕಟ್ಟೆಗಳನ್ನೂ ಅವುಗಳ ಬಾಗಿಲುಗಳನ್ನೂ ಪರೀಕ್ಷಿಸುತ್ತಿರಬೇಕು.

4. ಸೂರ್ಯನು ದಕ್ಷಿಣಕ್ಕೆ ಸರಿದ ಮೇಲೆ ನೈಋತ್ಯದ ಬಿಸಿಲು ಅಡಿಕೆಯ ಕಾಂಡವನ್ನು ಸುಡುವುದು. ತೋಟದ ಅಂಚಿನ ಮರಗಳಿಗೆ ಆ ದಿಕ್ಕಿನಲ್ಲಿ ಹಾಳೆ ಕಟ್ಟುವುದು ಇಲ್ಲವೆ ಸುಣ್ಣ ಬಳಿಯುವುದು ಹಿತ.

5. ಎಲ್ಲಕ್ಕಿಂತ ಮಿಗಿಲಾದುದು ಪ್ರಾಣರಕ್ಷಣೆ. ಬಯಲು ಗದ್ದೆಯಲ್ಲಿ ನಿಂತ ಮನುಷ್ಯನೇ ಸಿಡಿಲಿಗೆ ಎತ್ತರದ ಗುರಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆಯೆಂದು ತಿಳಿದು, ಆಳುಗಳನ್ನು ಕೂಡಲೇ ಮನೆಯೊಳಗೆ ಕಳುಹಿಸಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬಿಡಬಾರದು. ತೆಂಗಿನ ಮರದ ಬುಡದಲ್ಲಿ ಆಶ್ರಯ ಪಡೆಯುವುದು ಅತ್ಯಂತ ಅಪಾಯಕರ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಸಾಧನವು ಸಿಡಿಲಿನ ಮುನ್ಸೂಚನೆಯನ್ನು ಕೊಡುತ್ತದೆ.

ಸಣ್ಣ ಹಿಡುವಳಿಯ ಒಕ್ಕಲಿಗನೊಬ್ಬನಿಂದಲೇ ಇವೆಲ್ಲವೂ ಸಾಧ್ಯವಾಗಲಾರವು. ಕೊಯ್ಲಿನ ಯಂತ್ರ ಮತ್ತು ಆಳುಗಳ ಸರದಿಯನ್ನು ಗೊತ್ತುಪಡಿಸುವುದು, ನಾಲ್ಕಾರು ಮನೆಗಳಿಗೆ ಸೇರಿ ತಾಡಪತ್ರಿ ಒದಗಿಸುವುದು, ಒಡ್ಡಿನ ಕೆಲಸಕ್ಕೆ ಊರನ್ನು ಕೂಡಿಸುವುದು ಊರಿನ ಮುಖಂಡರಿಗೂ ದೊಡ್ಡ ಹಿಡುವಳಿದಾರರಿಗೂ ಸೇರಿದ ಹೊಣೆ. ಮರುಭೂಮಿಯ ವರ್ತಮಾನವು ಬಂದ ವಾರದಲ್ಲಿಯೇ ಊರಿನ ಸಭೆ ಕರೆದು ಈ ಏರ್ಪಾಡುಗಳನ್ನು ಮಾಡಿಕೊಂಡರೆ, ನಾಲ್ಕು ತಿಂಗಳ ದುಡಿಮೆಯ ಫಲವು ಒಂದು ಸಂಜೆಯ ಮಳೆಗೆ ಹಾಳಾಗದೆ ಉಳಿಯುವುದು.