ವರ್ಚುವಲ್ ಗಣಕಯಂತ್ರದ ಕಡತಗಳು: ಇರುವ ಸ್ಥಳ ಮತ್ತು ರಕ್ಷಣೆ

ಹೈದರಾಬಾದ್, ದೆಹಲಿ, ಪುಣೆ ಹಾಗೂ ಭುವನೇಶ್ವರಗಳಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ದತ್ತಾಂಶ ಕೇಂದ್ರಗಳಿವೆ. ಸರ್ಕಾರದ ‘ಮೇಘರಾಜ್’ ಕ್ಲೌಡ್ ಸೇವೆಯು 2014ರಲ್ಲಿ ಆರಂಭವಾಯಿತು. ಇಂತಹ ಕೇಂದ್ರಗಳಲ್ಲಿ ಪ್ರತಿಯೊಂದು ಇಲಾಖೆಗೂ ಬೇರೆ ಬೇರೆ ಯಂತ್ರ ಬೇಕಾಗುವುದಿಲ್ಲ. ಒಂದೇ ಸಮರ್ಥ ಗಣಕಯಂತ್ರದೊಳಗೆ ಅನೇಕ ‘ವರ್ಚುವಲ್’ ಯಂತ್ರಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ. ಇಂದು ಸಣ್ಣ ಕಚೇರಿ, ಕಾಲೇಜುಗಳೂ ಈ ವಿಧಾನವನ್ನು ಅನುಸರಿಸುತ್ತಿವೆ.

ಇಂತಹ ಯಂತ್ರವು ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲ. ಅದು ಕೆಲವು ಕಡತಗಳ ಸಮೂಹ. ಇವುಗಳಲ್ಲಿ ಎರಡು ಮುಖ್ಯವಾದವು. ಡಿಸ್ಕ್ ಕಡತದಲ್ಲಿ ಸಮಸ್ತ ಮಾಹಿತಿಯೂ ಅಡಕವಾಗಿರುತ್ತದೆ. ವಿನ್ಯಾಸ ಕಡತದಲ್ಲಿ ಯಂತ್ರದ ಸ್ಮರಣ ಸಾಮರ್ಥ್ಯ, ನೆಟ್‌ವರ್ಕ್ ಸಂಪರ್ಕ ಮತ್ತು ಡಿಸ್ಕ್ ಇರುವ ಸ್ಥಳ ದಾಖಲಾಗಿರುತ್ತವೆ. ಮೊದಲನೆಯದು ದಾಖಲೆಗಳ ಕಟ್ಟಾದರೆ, ಎರಡನೆಯದು ಅದರ ಸೂಚಿ.

ವರ್ಚುವಲ್‌ಬಾಕ್ಸ್‌ನಲ್ಲಿ ಇವೆರಡೂ ಸಾಮಾನ್ಯವಾಗಿ ಬಳಕೆದಾರರ ‘ವರ್ಚುವಲ್‌ಬಾಕ್ಸ್ ವಿಎಂಸ್’ ಫೋಲ್ಡರಿನಲ್ಲಿ ಒಟ್ಟಿಗೆ ಇರುತ್ತವೆ. ಲಿನಕ್ಸ್‌ನ ಕೆವಿಎಂ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಡಿಸ್ಕ್‌ಗಳು ಸಾಮಾನ್ಯವಾಗಿ ‘ವಾರ್’ ಫೋಲ್ಡರಿನೊಳಗೂ, ವಿನ್ಯಾಸ ಕಡತವು ‘ಇಟಿಸಿ’ ಫೋಲ್ಡರಿನೊಳಗೂ ಇರುತ್ತವೆ. ಡಿಸ್ಕ್ ಅನ್ನು ಬೇರೆಡೆಗೆ ಸ್ಥಳಾಂತರಿಸಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಊಹೆಯನ್ನು ನೆಚ್ಚದೆ, ವಿನ್ಯಾಸ ಕಡತವನ್ನು ತೆರೆದು ಅದರಲ್ಲಿ ಬರೆದಿರುವ ಹಾದಿಯನ್ನೇ ಓದಿಕೊಳ್ಳಬೇಕು.

ಪ್ರತಿ ತೆಗೆಯುವಾಗ ಈ ಅಂಶಗಳನ್ನು ಗಮನಿಸುವುದು ಅವಶ್ಯಕ:

1. ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿದ ನಂತರವೇ ಕಡತಗಳನ್ನು ನಕಲು ಮಾಡಬೇಕು. ಚಾಲನೆಯಲ್ಲಿರುವಾಗ ನೇರವಾಗಿ ಮಾಡಿದ ನಕಲು ಅಪೂರ್ಣವಾಗಬಹುದು.

2. ‘ಸ್ನ್ಯಾಪ್‌ಶಾಟ್’ ತೆಗೆದಿದ್ದಲ್ಲಿ ಮಾಹಿತಿಯು ಹಲವು ಕಡತಗಳಲ್ಲಿ ಹಂಚಿಹೋಗಿರಬಹುದು. ಅಂತಹ ಕಡತಗಳಲ್ಲಿ ಒಂದನ್ನೂ ಬಿಡಬಾರದು.

3. ಪ್ರತಿಯನ್ನು ಅದೇ ಯಂತ್ರದಲ್ಲಿ ಇಡದೆ, ಪ್ರತ್ಯೇಕ ಸ್ಥಳದಲ್ಲಿ ಇಡಬೇಕು.

4. ಆ ಪ್ರತಿಯಿಂದ ಯಂತ್ರವು ಪುನಃ ಚಾಲನೆಗೊಳ್ಳುವುದೇ ಎಂದು ಆಗಾಗ್ಗೆ ಪರೀಕ್ಷಿಸಬೇಕು.

ಇದರ ಮಹತ್ವಕ್ಕೆ ಒಂದು ನಿದರ್ಶನವಿದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರುಗಳು ಸೈಬರ್ ದಾಳಿಗೆ ತುತ್ತಾದವು. ರೋಗಿಗಳ ನೋಂದಣಿಯೇ ಮೊದಲಾದ ಕಾರ್ಯಗಳನ್ನು ಹಲವು ದಿನ ಕೈಬರಹದಲ್ಲಿ ನಡೆಸಬೇಕಾಯಿತು. ದಾಳಿಗೆ ಸಿಲುಕದೆ ಉಳಿದಿದ್ದ ಬ್ಯಾಕಪ್ ಸರ್ವರಿನಿಂದ ‘ಇ-ಹಾಸ್ಪಿಟಲ್’ ಮಾಹಿತಿಯನ್ನು ಮರಳಿ ಪಡೆದು, ಹೊಸ ಸರ್ವರುಗಳಲ್ಲಿ ಅಳವಡಿಸಲಾಯಿತು.

ಕಡತಗಳ ನೆಲೆಯನ್ನು ಇಂದೇ ಗುರುತಿಸಿ ಬರೆದಿಟ್ಟುಕೊಂಡರೆ, ಆಪತ್ಕಾಲದಲ್ಲಿ ಹುಡುಕಾಟ ತಪ್ಪುತ್ತದೆ. ಸೇವೆಯೂ ಬೇಗನೆ ಪುನರಾರಂಭವಾಗುತ್ತದೆ.